ಕುದಿಸಿದ ಹೆಪ್ಪು

ಮಣ್ಣನ್ನು ಇಡ್ಲಿಯ ಹಾಗೆ ಬೇಯಿಸುವ ಮನುಷ್ಯ ಎಂದು ಜಹೀರಾಬಾದಿನ ನಮ್ಮ ನರ್ಸರಿಯಲ್ಲಿ ನನಗೆ ಹೆಸರು. ಇಟ್ಟವಳು ಸಾಯಮ್ಮ. ಚೀಲಗಳಿಗೆ ಮಣ್ಣು ತುಂಬಲು, ಕಳೆ ಕೀಳಲು ಬರುವ ಹೆಂಗಸು. ತೆಲುಗು, ಕನ್ನಡ, ದಖನಿ ಮೂರನ್ನೂ ಒಂದೇ ಬಾಯಲ್ಲಿ ಕಲಸಿ ಮಾತಾಡುತ್ತಾಳೆ. ನಾನು ಗುರುಬಸವ, ಕೃಷಿ ಡಿಪ್ಲೊಮಾ ಮಾಡಿದವನು, ಇಪ್ಪತ್ತಾರು ವರ್ಷದಿಂದ ಇಲ್ಲಿ ಸಸಿಗಳ ಉಸ್ತುವಾರಿ. ಓದಿದವನನ್ನು ಓದದವರು ಆಡಿಕೊಳ್ಳುವುದು ಲೋಕದ ರೂಢಿ ಎಂದುಕೊಂಡು ಸುಮ್ಮನಿದ್ದೆ.

ಬೇಯಿಸುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಪಪ್ಪಾಯಿಯ ನಾಲ್ಕು ಸಾವಿರ ಸಸಿ ಬುಡ ಕೊಳೆತು ಒಂದೇ ವಾರದಲ್ಲಿ ಮಲಗಿದ್ದವು. ಮಾಲೀಕರ ಎದುರು ತಲೆ ತಗ್ಗಿಸಿ ನಿಂತ ದಿನವೇ ನಾನು ಶಪಥ ಮಾಡಿದೆ: ಇನ್ನು ಹೊರಗಿನ ಮಣ್ಣು ಬೇಯದೆ ಈ ಗೇಟು ದಾಟಬಾರದು. ದೊಡ್ಡದೊಂದು ಕಬ್ಬಿಣದ ಡ್ರಮ್ಮು ತರಿಸಿದೆ. ತಳದಲ್ಲಿ ನೀರು, ನಡುವೆ ತೂತಿನ ತಗಡು, ಅದರ ಮೇಲೆ ಮಣ್ಣಿನ ಚೀಲಗಳು, ಬಾಯಿಗೆ ತಾಡಪತ್ರಿ, ಕೆಳಗೆ ಬೆಂಕಿ. ಎರಡು ತಾಸು ಹಬೆಯಲ್ಲಿ ಬೆಂದ ಮಣ್ಣಿನಲ್ಲಿ ರೋಗವಿಲ್ಲ, ಹುಳವಿಲ್ಲ, ಕಳೆಯ ಬೀಜವೂ ಇಲ್ಲ. ಟೊಮೆಟೊ, ಮೆಣಸಿನಕಾಯಿ, ಪಪ್ಪಾಯಿ ಎಲ್ಲವೂ ಚೆನ್ನಾಗಿ ಬಂದವು. ಮಾಲೀಕರು ಬೆನ್ನು ತಟ್ಟಿದರು. ನನ್ನ ನಡಿಗೆಯೇ ಬೇರೆಯಾಯಿತು.

ಅಕ್ಕ ಬಂದದ್ದು ಆ ದಿನಗಳಲ್ಲೇ, ಸಂಕ್ರಾಂತಿಯ ಮಾರನೇ ದಿನ.

ನನ್ನ ಅಕ್ಕ ಬಸವೇಶ್ವರಿ ನನಗಿಂತ ಹತ್ತು ವರ್ಷ ದೊಡ್ಡವಳು. ನಾರಾಯಣಖೇಡದ ಆಚೆ ಕಲ್ಹೇರಿನ ಕಡೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟದ್ದು. ಅಪ್ಪ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಅವ್ವ ಹೊಲಕ್ಕೆ ಹೋಗುತ್ತಿದ್ದಳು, ಅಕ್ಕ ನನಗೆ ರೊಟ್ಟಿ ಬಡಿಸುತ್ತಿದ್ದಳು. ರೊಟ್ಟಿಯ ಮೇಲೆ ನಿಂಬೆಹಣ್ಣು ಹಿಂಡಿ, ಉಪ್ಪು ಖಾರ ಸವರಿ, ಸುರುಳಿ ಮಾಡಿ ಕೈಗೆ ಕೊಡುತ್ತಿದ್ದಳು. ಆ ನಿಂಬೆ ಗಿಡ ಅವ್ವ ನೆಟ್ಟದ್ದು, ತಾಂಡೂರಿನ ಹತ್ತಿರ ಯಾಲಾಲದ ನಮ್ಮ ತೊಗರಿ ಹೊಲದಲ್ಲಿ. ಒಂಬತ್ತು ವರ್ಷದ ಹಿಂದೆ ಅವ್ವನನ್ನು ಮಣ್ಣು ಮಾಡಿದ್ದೂ ಅದೇ ಗಿಡದ ಪಕ್ಕದಲ್ಲಿ.

ಆ ಹೊಲವನ್ನು ನಾನು ಕಲ್ಲಿನ ಗಣಿಗೆ ಗುತ್ತಿಗೆ ಕೊಟ್ಟಿದ್ದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಪಗಾರದ ಮನುಷ್ಯ, ಉಳುವವರಿಲ್ಲದೆ ಹೊಲ ಪಡಾ ಬಿದ್ದಿತ್ತು, ಅದರ ಹೊಟ್ಟೆಯಲ್ಲಿ ನೀಲಿ ಹಾಸುಗಲ್ಲು ಇತ್ತು. ಅಕ್ಕನ ಸಹಿಯೂ ಬೇಕೆಂದರು. "ನೀ ಹಾಕು ಅಂದ್ರ ಹಾಕ್ತೀನಿ, ತಮ್ಮಾ" ಎಂದು ಓದದೆ ಹಾಕಿದಳು. ಸಮಾಧಿಯ ಮೂಲೆ ಬಿಟ್ಟು ಅಗೆಯುತ್ತೇವೆ ಎಂದು ಗಣಿಯವರು ಮಾತು ಕೊಟ್ಟಿದ್ದರು. ಕಲ್ಲು ತೆಗೆಯುವವರ ಮಾತು ಕಲ್ಲಿನ ಮೇಲೆ ಬರೆದದ್ದಾಗಿರಲಿಲ್ಲ.

ಆ ದಿನ ಅಕ್ಕ ತಾಂಡೂರಿನ ಬಸ್ಸಿನಿಂದ ಇಳಿದು, ಎದೆ ಹಿಡಿದುಕೊಂಡು, ಡ್ರಮ್ಮಿನ ಪಕ್ಕದ ಕಟ್ಟೆಯ ಮೇಲೆ ಕುಳಿತಳು. ಮಡಿಲಲ್ಲಿ ಒಂದು ಕೈಚೀಲ, ಒಂದು ಬಟ್ಟೆಯ ಗಂಟು.

"ತಮ್ಮಾ, ಗಣಿ ಅವ್ವನ ಗಿಡದ ಹತ್ರಕ್ಕ ಬಂದದ. ನಾಕ ಮಾರು ಉಳದದ. ಇನ್ನ ಅದು ಉಳಿಯಂಗಿಲ್ಲ. ಹಣ್ಣು ತಂದೀನಿ. ಬೀಜ ಹಾಕಿ ಸಸಿ ಮಾಡಿ ಕೊಡು. ಒಂದು ನನ್ನ ಅಂಗಳದಾಗ ಹಚ್ತೀನಿ. ನಾ ಹ್ವಾದ ಮ್ಯಾಲ ಒಂದು ನನ್ನ ಸಮಾಧಿ ತಲಿ ಕಡೀಗಿ ನೀ ಹಚ್ಚು."

"ಹಬ್ಬದ ದಿನ ಹಿಂಗ್ಯಾಕ ಮಾತಾಡ್ತಿ?"

"ಡಾಕ್ಟರ್ ಅಂದಾರ, ನನ್ನ ಎದಿ ದೊಡ್ಡದಾಗ್ಯದಂತ."

"ಅದಕ್ಕ ಡಾಕ್ಟರ್ ಯಾಕ ಬೇಕಿತ್ತು? ನಂಗ ಮೊದಲೇ ಗೊತ್ತಿತ್ತು."

ಅಕ್ಕ ನಕ್ಕಳು, ನಗುತ್ತಲೇ ಏದುಸಿರು ಬಿಟ್ಟಳು. ಆಮೇಲೆ ಬಟ್ಟೆಯ ಗಂಟನ್ನು ನನ್ನ ಕೈಗಿಟ್ಟಳು.

"ಇದು ಗಿಡದ ಬುಡದ ಮಣ್ಣು. ಹಾಲಿಗಿ ಹೆಪ್ಪು ಹಾಕಿದಂಗ ಎಲ್ಲಾ ಚೀಲಕ್ಕ ಜರಾ ಜರಾ ಹಾಕು. ಅವ್ವ ಹಂಗೇ ಮಾಡತಿದ್ಲು, ನೆನಪದ ಇಲ್ಲೋ? ಹಳೀ ಗಿಡದ ಮಣ್ಣಿಲ್ದ ಹೊಸಾ ಗಿಡ ಏಳಂಗಿಲ್ಲ ಅಂತಿದ್ಲು."

"ಆತು, ಹಾಕ್ತೀನಿ" ಎಂದೆ. ಹೆಂಗಸರ ಶಾಸ್ತ್ರ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಗಂಟು ಬಿಚ್ಚಿದೆ. ಕಪ್ಪು ಮಣ್ಣು, ಕೂದಲಿನಂಥ ಬೇರಿನ ತುಣುಕುಗಳು, ಕೊಳೆತ ಎಲೆ, ಒಂದು ಒಣಗಿದ ಎರೆಹುಳ. ನನ್ನ ಕಣ್ಣಿಗೆ ಕಂಡದ್ದು ಮಲಗಿದ ನಾಲ್ಕು ಸಾವಿರ ಪಪ್ಪಾಯಿ. ಅವ್ವನ ಗಿಡದ ಸಸಿಗೆ ರೋಗ ತಗುಲಿದರೆ ಮತ್ತೆ ಬೀಜ ಎಲ್ಲಿಂದ ತರಲಿ? ಪ್ರೀತಿಯಿಂದಲೇ ಆ ಗಂಟನ್ನು ಉಳಿದ ಚೀಲಗಳ ಜೊತೆ ಡ್ರಮ್ಮಿನಲ್ಲಿಟ್ಟೆ. ಇದನ್ನು ಬೇರೆಯವರು ನಂಬದಿದ್ದರೂ ನಡೆದೀತು.

ಸಾಯಮ್ಮ ನೋಡಿಬಿಟ್ಟಳು. "ಸಾರ್, ಅಕ್ಕಗಾರು ತಂದಿದ್ ಮಣ್ಣು ಭೀ ಬೇಯಿಸ್ತೀರೇನ್ರಿ?"

"ನಿನ್ನ ಕೆಲಸ ನೀ ನೋಡ್ಕೊ" ಎಂದು ಗದರಿದೆ.

ಹದಿನೇಳು ಬೀಜ ಊರಿದೆ, ಹದಿನಾಲ್ಕು ಮೊಳೆತವು. ಮೊದಲ ತಿಂಗಳು ಅವುಗಳ ಬಣ್ಣ ನೋಡಬೇಕಿತ್ತು, ಕಡು ಹಸಿರು. ಫೋಟೊ ತೆಗೆದು ಅಕ್ಕನ ಮಗಳು ಮಹಾನಂದಾಳ ಫೋನಿಗೆ ಕಳಿಸಿದೆ. "ಅವ್ವ ಫೋಟೊಕ್ಕ ಮುತ್ತು ಕೊಟ್ಟಾಳ ಮಾಮಾ" ಎಂದು ಅವಳು ಹೇಳಿದಳು. ನಾನು ನರ್ಸರಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಾಲ್ಕನೇ ಎಲೆಯಾದ ಮೇಲೆ ಸಸಿಗಳು ನಿಂತುಬಿಟ್ಟವು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು, ಅದೇ ನಾಲ್ಕು ಎಲೆ. ಹಸಿರು ಮಾಸಿ, ಎಲೆಯ ಅಂಚು ಹಳೆಯ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತು. ಇದು ರಂಜಕದ ಕೊರತೆ ಎಂದು ಡಿಪ್ಲೊಮಾದ ಮೊದಲ ವರ್ಷದ ಹುಡುಗನೂ ಹೇಳುತ್ತಾನೆ. ಮಣ್ಣು ಪರೀಕ್ಷೆಗೆ ಕಳಿಸಿದೆ. ರಂಜಕ ಹೆಚ್ಚಾಗಿದೆ ಎಂದು ವರದಿ ಬಂತು. ವರದಿಯೇ ತಪ್ಪು ಎಂದು ಬೈದು ಡಿಎಪಿ ಗೊಬ್ಬರ ಕರಗಿಸಿ ಸುರಿದೆ. ಮೂರು ಸಸಿ ಸುಟ್ಟಂತೆ ಒಣಗಿದವು. ಮತ್ತೆ ಸುರಿದೆ, ಇನ್ನೆರಡು ಹೋದವು. ಮೂಗಿಗಿಂತ ಮೂಗುತಿ ಭಾರವಾದಂತೆ ಆ ಎರಡು ಬೆರಳೆತ್ತರದ ಸಸಿಗಳಿಗೆ ನನ್ನ ಉಪಚಾರವೇ ಭಾರವಾಯಿತು.

ಆಷಾಢದಲ್ಲಿ ಅಕ್ಕ ಮಗಳ ಕೈಹಿಡಿದು ಬಂದಳು. ಕಾಲು ಬಾತುಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಉಳಿದ ಒಂಬತ್ತು ಸಸಿಗಳ ಮುಂದೆ ನೆಲದ ಮೇಲೆಯೇ ಕುಳಿತು ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು.

"ನಾ ಕೊಟ್ಟ ಮಣ್ಣು ಹಾಕಿದಿ?"

"ಹಾಕೀನಿ."

"ಎಲ್ಲಾಕ್ಕೂ?"

"ಎಲ್ಲಾಕ್ಕೂ ಹಾಕೀನಕ್ಕಾ."

ಸುಳ್ಳಲ್ಲ. ಹಾಕಿದ್ದೆ. ಬೇಯಿಸಿ ಹಾಕಿದ್ದೆ ಎನ್ನುವುದು ಹೇಳಬೇಕಾದ ಮಾತು ಎಂದು ಆಗ ನನಗೆ ಹೊಳೆಯಲೇ ಇಲ್ಲ.

"ಹಂಗಂದ್ರ ಅವ್ವ ಸಿಟ್ಟಾಗ್ಯಾಳ" ಎಂದಳು ಅಕ್ಕ. "ಆಕಿ ಮಲಗಿದ ನೆಲಾನ ನಾವಿಬ್ರೂ ಸಹಿ ಮಾಡಿ ಕೊಟ್ಟೀವಿ. ಆಕಿ ಮಣ್ಣು ನಮಗ ಯಾಕ ಒಲೀತದ?"

"ಏನರೆ ಹುಚ್ಚು ಮಾತು. ಅದು ರಂಜಕದ ತೊಂದ್ರಿ."

"ನಿಂದು ಓದಿದ ಮಾತು, ತಮ್ಮಾ. ನಂಗ ತಿಳಿಯಂಗಿಲ್ಲ" ಎಂದು ಕಣ್ಣು ಒರೆಸಿಕೊಂಡಳು. ಅಂದಿನಿಂದ ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಮಹಾನಂದಾ ಫೋನಿನಲ್ಲಿ ಹೇಳತೊಡಗಿದಳು. ಸಂಜೆ ದೇವರ ಜಗಲಿಯ ಮುಂದೆ ಕುಳಿತು, ತಪ್ಪಾಯ್ತವ್ವಾ, ತಪ್ಪಾಯ್ತು ಎನ್ನುತ್ತಾಳಂತೆ.

ಮಹಾಲಯ ಅಮಾವಾಸ್ಯೆಯ ಹಿಂದಿನ ಮಂಗಳವಾರ ನಾನು ಒಂದು ಸಸಿಯನ್ನು ಬೇರುಸಹಿತ ಕಿತ್ತು ಮಣ್ಣು ಪರೀಕ್ಷೆಯ ಲ್ಯಾಬಿಗೆ ಒಯ್ದೆ. ಹೊಸದಾಗಿ ಬಂದಿದ್ದ ಸಂಪದಾ ಎನ್ನುವ ಹುಡುಗಿ ಬೇರನ್ನು ತೊಳೆದು, ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಪಕ್ಕದಲ್ಲಿ ಯಾರದೋ ತೋಟದ ನಿಂಬೆಯ ಬೇರನ್ನೂ ಇಟ್ಟು ನನಗೆ ತೋರಿಸಿದಳು. ಆ ಬೇರಿನ ಒಳಗೂ ಹೊರಗೂ ನೀಲಿ ನೂಲಿನ ಎಳೆಗಳು ಹಬ್ಬಿದ್ದವು. ನಮ್ಮದು ಖಾಲಿ, ಕಾಗದದ ಹಾಗೆ.

"ಮಣ್ಣು ಬೇಯಿಸಿದ್ರೇನ್ರಿ ಸರ್?"

"ಹೌದು."

"ನಿಂಬಿ ಬೇರಿಗೆ ತಾನೇ ಹುಡುಕ್ಕೊಂಡು ತಿನ್ನಾಕ ಬರಂಗಿಲ್ರಿ. ಬೇರಿನಾಗ ಒಂಥರಾ ಶಿಲೀಂಧ್ರ ಇರ್ತದ. ಅದರ ಎಳಿ ದೂರ ದೂರ ಹೋಗಿ ರಂಜಕ ತಂದು ಕೊಡ್ತದ. ಬೇಯಿಸಿದ್ರ ರೋಗದ ಸಂಗಡ ಅದೂ ಸಾಯ್ತದ. ಟೊಮೆಟೊ ಸಸಿ ತಿಂಗಳೊಪ್ಪತ್ತು ಇದ್ದು ಹೋಗ್ತಾವ, ನೀವು ಹಾಕಿದ್ದು ಉಂಡು ನಡೀತದ. ನಿಂಬಿಗೆ ನಡಿಯಂಗಿಲ್ಲ. ಕಣಜ ತುಂಬ್ಯದರಿ, ಬಡಸವ್ರಿಲ್ಲ."

"ಮೊದಲ ತಿಂಗಳು ಹಸಿರಿದ್ವಲ್ಲ?"

"ಬೇಯಿಸಿದಾಗ ಸತ್ತ ಜೀವಗಳ ಸಾರ ಅದು. ಸಾರಜನಕ ಒಮ್ಮೆಗೇ ಬಿಟ್ಟಿರ್ತದ. ಅದು ಮುಗೀತು, ಆಟ ಮುಗೀತು. ಯಾವುದರೆ ಹಳೇ ನಿಂಬಿ ಗಿಡದ ಬುಡದ ಮಣ್ಣು ಒಂದು ಹಿಡಿ ಹಾಕ್ರಿ ಸರ್. ಬೇಯಿಸಬ್ಯಾಡ್ರಿ, ಅಷ್ಟೇ."

ಅವ್ವ ಓದಿದವಳಲ್ಲ, ಅಕ್ಕ ಓದಿದವಳಲ್ಲ. ಇಬ್ಬರೂ ಹೇಳಿದ್ದನ್ನೇ ಈ ಹುಡುಗಿ ಈಗ ಬಣ್ಣ ಹಾಕಿ ತೋರಿಸುತ್ತಿದ್ದಳು. ನರ್ಸರಿಗೆ ಬಂದವನು ತಡೆಯಲಾರದೆ ಸಾಯಮ್ಮನ ಮುಂದೆ ಎಲ್ಲ ಹೇಳಿದೆ. ಅವಳು ಆಡಿಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಇಷ್ಟೇ ಅಂದಳು: "ಹಾಲು ಕಾಸತೀವಿ ಸಾರ್. ಹೆಪ್ಪು ಯಾರಾದ್ರೂ ಕಾಸತಾರೇನ್ರಿ?"

ಅದೇ ಗಳಿಗೆಯಲ್ಲಿ ಅಕ್ಕನಿಗೆ ಫೋನ್ ಮಾಡಬೇಕಿತ್ತು. ಅವ್ವನಿಗೆ ಸಿಟ್ಟಿಲ್ಲ, ತಪ್ಪು ನನ್ನದು. ಅದಕ್ಕಿಂತ ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ಫೋನ್ ಮಾಡಿದೆ. "ಗುಳಿಗಿ ತಗೊಂಡಿ?" ಎಂದೆ. "ಮಳಿ ಹೆಂಗದ?" ಎಂದೆ. ಇಟ್ಟುಬಿಟ್ಟೆ. ಮರುದಿನವೂ ಅಷ್ಟೇ. ಹನ್ನೆರಡು ದಿನ ದಿನಾ ಫೋನ್ ಮಾಡಿದೆ, ಹನ್ನೆರಡು ದಿನವೂ ಗುಳಿಗೆ, ಮಳೆ. ನೀನು ಹೇಳಿದ್ದೇ ಸರಿ ಎಂದು ಅಕ್ಕನಿಗೆ ಹೇಳಲು ನನ್ನ ಡಿಪ್ಲೊಮಾ ಬಿಡಲಿಲ್ಲ. ಮೊದಲು ಯಾಲಾಲಕ್ಕೆ ಹೋಗಿ ಅವ್ವನ ಗಿಡದ ಮಣ್ಣು ಮತ್ತೆ ತಂದು, ಸಸಿಗಳನ್ನು ಸರಿಮಾಡಿ, ಆಮೇಲೆ ನಗುನಗುತ್ತಾ ಹೇಳಿದರಾಯಿತು ಎಂದುಕೊಂಡೆ. ಯಾವ ನಿಂಬೆಯ ಬುಡದ ಮಣ್ಣಾದರೂ ಆಗುತ್ತದೆ ಎಂದು ಸಂಪದಾ ಹೇಳಿದ್ದಳು, ನಿಜ. ಆದರೆ ಅಕ್ಕನ ಮುಂದೆ ಒಯ್ದು ನಿಲ್ಲುವುದಕ್ಕೆ ಅವ್ವನ ಮಣ್ಣೇ ಬೇಕಿತ್ತು.

ಭಾನುವಾರ ತಾಂಡೂರಿಗೆ ಹೋಗಿ ಅಲ್ಲಿಂದ ಯಾಲಾಲದ ಬಸ್ಸು ಹಿಡಿದೆ. ಹೊಲದಲ್ಲಿ ಗಿಡವಿರಲಿಲ್ಲ. ಸಮಾಧಿಯೂ ಇರಲಿಲ್ಲ. ಮೂರಾಳು ಆಳದ ಹೊಂಡ, ತಳದಲ್ಲಿ ಮಳೆನೀರು, ಅಂಚಿನುದ್ದಕ್ಕೂ ಮೆಟ್ಟಿಲಿನಂತೆ ಕತ್ತರಿಸಿದ ನೀಲಿ ಕಲ್ಲು. ಮೇಲುಮಣ್ಣನ್ನು ಎಲ್ಲಿ ಹಾಕಿದ್ದೀರಿ ಎಂದು ಕೇಳಿದೆ. ರಸ್ತೆಗೆ ಹೋಯಿತು ಎಂದು ಕಾವಲಿನವನು ಬಶೀರಾಬಾದಿನ ಕಡೆ ಕೈ ತೋರಿಸಿದ. ಯಾವ ರಸ್ತೆ, ಯಾವ ತಗ್ಗು, ಅವನಿಗೂ ಗೊತ್ತಿರಲಿಲ್ಲ. ನನ್ನ ತಾಯಿಯ ಮೇಲೆ ಲಾರಿಗಳು ಓಡಾಡುತ್ತಿದ್ದವು. ಹೊಂಡದ ಅಂಚಿನಲ್ಲಿ ಕುಳಿತು ದೊಡ್ಡ ದನಿಯಲ್ಲಿ ಅತ್ತೆ. ಕಾವಲಿನವನು ನೀರು ತಂದು ಕೊಟ್ಟ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೋಗಿ ಎದುರಿಗೇ ಹೇಳೋಣ ಎಂದು ನಿಶ್ಚಯಿಸಿದೆ. ಮಂಗಳವಾರ ಬೆಳಿಗ್ಗೆ ಹೊರಡುವಷ್ಟರಲ್ಲಿ ಮಹಾನಂದಾಳ ಫೋನ್ ಬಂತು: "ಮಾಮಾ, ಲಗೂನ ಬಾ. ಅವ್ವಗ ಉಸುರು ಹತ್ತವಲ್ದು." ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅಕ್ಕಾ, ಅವ್ವ ಸಿಟ್ಟಾಗಿಲ್ಲ, ನಾನೇ ಮಣ್ಣು ಕುದಿಸೀನಿ. ನಾರಾಯಣಖೇಡದಲ್ಲಿ ಇಳಿದು ಕಲ್ಹೇರಿನ ಬಸ್ಸಿಗೆ ಕಾಯುತ್ತಿದ್ದಾಗ ಮತ್ತೆ ಫೋನ್ ಬಂತು. ಈ ಸಲ ಬರೀ ಮಹಾನಂದಾಳ ಅಳು.

ಮರುದಿನ ಮಧ್ಯಾಹ್ನ ಅಕ್ಕನನ್ನು ಅವಳ ಹೊಲದಲ್ಲಿ ಮಣ್ಣು ಮಾಡಿದರು. ಗುಣಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟರು. ತವರಿನವರು ಮೊದಲು ಮಣ್ಣು ಕೊಡಲಿ ಎಂದು ಹಿರಿಯರೊಬ್ಬರು ಕೂಗಿದರು. ತವರು ಎಂದರೆ ನಾನೊಬ್ಬನೇ. ಬಗ್ಗಿ ಹೆಂಟೆಗೆ ಕೈ ಹಾಕುವಷ್ಟರಲ್ಲಿ ಮಹಾನಂದಾ ಬಂದು ನನ್ನ ಬಲಗೈಯಲ್ಲಿ ಒಂದು ಸಣ್ಣ ಗಂಟು ಇಟ್ಟಳು. ಅಂಥದ್ದೇ ಬಟ್ಟೆ, ಅಂಥದ್ದೇ ಗಂಟು.

"ಅಜ್ಜಿ ಗಿಡದ ಮಣ್ಣು, ಮಾಮಾ. ಆವತ್ತೇ ಒಂದು ಹಿಡಿ ತೆಗದು ಜಗಲಿ ಮ್ಯಾಲ ಇಟ್ಟಿದ್ಲು. ನಾ ಹ್ವಾದಾಗ ತಮ್ಮ ಇದನ್ನ ಹಾಕ್ಲಿ, ಅವ್ವನ ಸಿಟ್ಟು ಇಳೀತದ ಅಂದಿದ್ಲು."

ಗಂಟು ಬಿಚ್ಚಿದೆ. ಕಪ್ಪು ಮಣ್ಣು, ಕೂದಲಿನಂಥ ಬೇರು. ಬೇಯದ ಮಣ್ಣು. ಲೋಕದಲ್ಲಿ ಅವ್ವನದೆಂದು ಉಳಿದದ್ದು ಇಷ್ಟೇ. ಒಂದು ಚಿಟಿಕೆ ತೆಗೆದಿಟ್ಟುಕೊಂಡರೆ ಸಸಿಗಳು ಬದುಕುತ್ತಿದ್ದವು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳುಗಳು ತಾವಾಗಿಯೇ ಬಿಗಿದವು. ಆದರೆ ಅಕ್ಕ ತನಗೆಂದು ಬೇಡಿದ್ದು ಇದೊಂದೇ ಹಿಡಿ, ಮತ್ತು ಅವಳು ಕೊಟ್ಟ ಮಣ್ಣಿನ ವಿಷಯದಲ್ಲಿ ನಾನು ಒಮ್ಮೆ ಜಾಣನಾಗಿ ನೋಡಿದ್ದೆ.

ಗುಣಿಯ ಅಂಚಿಗೆ ಮೊಣಕಾಲೂರಿ ಕುಳಿತು, ಕೈ ಪೂರಾ ತೆರೆದು ಸುರಿದೆ. ಸುರಿಯುತ್ತಾ ಎಲ್ಲರ ಮುಂದೆ ಕೂಗಿ ಹೇಳಿದೆ: "ಅಕ್ಕಾ, ಅವ್ವ ಸಿಟ್ಟಾಗಿಲ್ಲ! ನಾ ಹೆಪ್ಪು ಕುದಿಸೀನಿ! ನಂದೇ ತಪ್ಪು, ಅಕ್ಕಾ!"

ಯಾರೋ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಪಾಪ, ದುಃಖದಾಗ ಏನೇನೋ ಅಂತಾನ" ಎಂದರು. ಹನ್ನೆರಡು ದಿನ ಕೇಳುವ ಕಿವಿಯಿತ್ತು, ಆಗ ಹೇಳಲಿಲ್ಲ. ಕಿವಿ ಹೋದ ಮೇಲೆ ಊರಿಗೆಲ್ಲ ಕೇಳುವಂತೆ ಕೂಗಿದೆ.

ಮಣ್ಣಿಗೆ ಹೋಗಿ ಬಂದವರು ಕೈಕಾಲು ತೊಳೆದು ಮನೆಗೆ ಹೋಗಬೇಕು. ಬಾವಿಯ ಹತ್ತಿರ ಎಲ್ಲರೂ ತೊಳೆದರು. ನಾನೂ ಕೊಡದ ಮುಂದೆ ನಿಂತೆ. ಬಲಗೈ ಬೆವರಿತ್ತು. ಅಂಗೈಯ ಗೆರೆಗಳಲ್ಲಿ, ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣು ಅಂಟಿಕೊಂಡಿತ್ತು. ಕೊಡುವುದನ್ನು ಕೊಟ್ಟಾಗಿತ್ತು, ಇದು ಉಳಿದದ್ದು. ಕಾಲು ತೊಳೆದೆ, ಎಡಗೈ ತೊಳೆದೆ, ಬಲಗೈ ಮುಷ್ಟಿ ಮಾಡಿಕೊಂಡು ಹಾಗೇ ಹೊರಟುಬಿಟ್ಟೆ. ಊಟಕ್ಕೂ ನಿಲ್ಲಲಿಲ್ಲ. ಅಕ್ಕನ ಮನೆಯಲ್ಲಿ ಉಣ್ಣದೆ ಹೊರಟದ್ದು ಅದೇ ಮೊದಲ ಸಲ. ಬಸ್ಸಿನಲ್ಲಿ ಎಡಗೈಯಿಂದ ಟಿಕೆಟ್ಟಿನ ದುಡ್ಡು ಕೊಟ್ಟೆನೆಂದು ಕಂಡಕ್ಟರ್ ತೆಲುಗಿನಲ್ಲಿ ಗೊಣಗಿದ. ಗೊಣಗಲಿ ಎಂದು ಬಿಟ್ಟೆ.

ನರ್ಸರಿಗೆ ಬಂದಾಗ ಸಾಯಮ್ಮ ಇನ್ನೂ ಚೀಲ ತುಂಬುತ್ತಿದ್ದಳು. ನನ್ನ ಮುಖ ನೋಡಿ, ಮುಷ್ಟಿ ನೋಡಿ, ಒಂದು ತಂಬಿಗೆ ನೀರು ತಂದಿಟ್ಟಳು. "ಕಾಸಿದ್ದಲ್ಲ ಸಾರ್, ತಣ್ಣಗದ" ಎಂದಳು. ಅದರಲ್ಲಿ ಕೈ ಅದ್ದಿ, ಉಗುರಿನಿಂದ ಉಗುರು ಕೆದರಿ ತೊಳೆದೆ. ನೀರು ಕಂದು ಬಣ್ಣಕ್ಕೂ ತಿರುಗಲಿಲ್ಲ, ಬರೀ ಮಸುಕಾಯಿತು. ನಾನು ಓಡಾಡುತ್ತಿದ್ದ ದಿನಗಳಲ್ಲಿ ಇನ್ನೂ ಮೂರು ಒಣಗಿದ್ದವು; ಉಳಿದಿದ್ದ ಐದು ಸಸಿಗಳ ಬುಡದಲ್ಲಿ ಕಡ್ಡಿಯಿಂದ ತೂತು ಮಾಡಿ, ಆ ನೀರನ್ನು ಸಮನಾಗಿ ಹಂಚಿದೆ.

ಕಾರ್ತಿಕದಲ್ಲಿ ಎರಡು ಸತ್ತವು. ಎಳ್ಳಮಾವಾಸ್ಯೆಗೆ ಇನ್ನೆರಡು. ಉಳಿದ ಒಂದನ್ನು ನಾನು ದಿನಾ ನೋಡುತ್ತಿದ್ದೆ, ಮುಟ್ಟುತ್ತಿರಲಿಲ್ಲ, ಏನೂ ಹಾಕುತ್ತಿರಲಿಲ್ಲ; ಅವ್ವನದಲ್ಲದ ಮಣ್ಣು ಹಾಕಲು ಮನಸ್ಸಾಗಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನವಿದ್ದಾಗ ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಹಬ್ಬದ ಹೊತ್ತಿಗೆ ಅದು ಬಿಚ್ಚಿತು. ಎಲೆ ಸಣ್ಣದು, ಆದರೆ ತಾಮ್ರದ ಬಣ್ಣವಿರಲಿಲ್ಲ.

ಅಕ್ಕನ ಮನೆಯ ನಂಬರಿಗೆ ಫೋನ್ ಹಚ್ಚಿದೆ. ಮಹಾನಂದಾ ಎತ್ತಿದಳು.

"ಮಾಮಾ?"

"ಐದನೇ ಎಲಿ ಬಂದದ ನೋಡವ್ವಾ!" ಎಂದೆ, ಒಂದೇ ಉಸಿರಿಗೆ. "ಛಲೋ ಹಸಿರದ. ಲಗೂನ ನಿಮ್ಮವ್ವಗ ಹೇಳು!"

ಹೇಳಿಬಿಟ್ಟ ಮೇಲೆ ನನಗೆ ಅರಿವಾಯಿತು. ದೂರದಲ್ಲಿ ಅವರ ಅಂಗಳದ ಕೋಳಿ ಕೂಗುವುದು ಕೇಳಿಸುತ್ತಿತ್ತು.

"ಹೇಳ್ತೀನಿ, ಮಾಮಾ" ಎಂದಳು ಮಹಾನಂದಾ. "ಈಗೇ ಹೊಲಕ್ಕ ಹೋಗಿ ಹೇಳಿ ಬರ್ತೀನಿ."